ಮಾಡರ್ನ್, ಮಿಡ್-ಸೆಂಚುರಿ, ಕಂಟೆಂಪರರಿ: ಈ ಮೂರಕ್ಕೂ ನಿಜವಾಗಿ ಏನು ವ್ಯತ್ಯಾಸ? (ಅಟ್ಟದ ಮೇಲಿನ ಕುರ್ಚಿಗಳ ವಿಷಯವೂ ಇದೆ)

ಆಲ್ದೂರು_ತೋಟದಮನೆ
ಶನಿವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಆಲ್ದೂರಿನ ಹತ್ತಿರ ನಮ್ಮ ತೋಟದ ಮನೆ. ಮಳೆಗಾಲದ ಒಳಗೆ ಮುಗಿಸಬೇಕು ಅಂತ ರಿಪೇರಿ ಹಿಡಿದಿದ್ದೇವೆ. ಹಂಚು ಇಳಿಸಿ ರೀಪು ಬದಲಿಸಿದ್ದಾಯಿತು. ಈಗ ಹಾಲ್‌ಗೆ ಸೋಫಾ, ಕುರ್ಚಿ ಬೇಕು.

ಚಿಕ್ಕಮಗಳೂರಿನ ಒಂದು ಅಂಗಡಿಯಲ್ಲಿ ಬೂದು ಬಣ್ಣದ ಸೋಫಾ ನೋಡಿದೆವು. ಚೀಟಿಯಲ್ಲಿ ‘ಮಾಡರ್ನ್’ ಅಂತ ಇತ್ತು. ಹಾಸನದಲ್ಲಿ ಹೆಚ್ಚುಕಡಿಮೆ ಅದೇ ಸೋಫಾಗೆ ‘ಕಂಟೆಂಪರರಿ’ ಅಂದರು. ಮೊಬೈಲ್‌ನಲ್ಲಿ ಹುಡುಕಿದರೆ, ಅದಕ್ಕೇ ಓರೆ ಕಾಲು ಹಾಕಿ ‘ಮಿಡ್-ಸೆಂಚುರಿ’ ಅಂತ ಬರೆದಿದ್ದಾರೆ, ಬೆಲೆಯೂ ಜಾಸ್ತಿ. ಮೂರು ಕಡೆ ಕೇಳಿದೆ. ಮೂವರೂ ‘ಹೊಸ ಸ್ಟೈಲ್ ಮೇಡಂ’ ಅಂದರೇ ಹೊರತು ವ್ಯತ್ಯಾಸ ಹೇಳಲಿಲ್ಲ.

ಇನ್ನೊಂದು ವಿಷಯ. ಅಟ್ಟ ಖಾಲಿ ಮಾಡುವಾಗ ಅಜ್ಜನ ಕಾಲದ ಮೂರು ಬಗೆಯ ಕುರ್ಚಿ ಸಿಕ್ಕಿವೆ. ಒಂದು, ತೇಗದ ಜೋಡಿ ಕುರ್ಚಿ. ಕಾಲು ಕೆಳಗೆ ಸಣ್ಣಗಾಗುತ್ತಾ ಹೊರಗೆ ಓರೆಯಾಗಿದೆ, ಬೆನ್ನಿಗೆ ಬೆತ್ತ. ಎರಡು, ಸ್ಟೀಲ್ ಪೈಪಿನ ಕುರ್ಚಿ. ಅದಕ್ಕೆ ಹಿಂದಿನ ಕಾಲೇ ಇಲ್ಲ, ಕೂತರೆ ಸ್ವಲ್ಪ ತೂಗುತ್ತದೆ. ಮೂರು, ಉದ್ದ ಕೈಯಿರುವ ಬೀಟೆಯ ಆರಾಮ ಕುರ್ಚಿ. ಅಪ್ಪ ಇವನ್ನೆಲ್ಲ ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡೋಣ ಅನ್ನುತ್ತಿದ್ದಾರೆ. ನನಗೆ ಮನಸ್ಸಾಗುತ್ತಿಲ್ಲ. ಕೊಡುವ ಮೊದಲು ಇವು ಏನು ಅಂತಾದರೂ ಗೊತ್ತಾಗಬೇಕಲ್ವಾ?

ಕನ್ನಡ_ಮೇಷ್ಟ್ರು
ಶನಿವಾರ, ರಾತ್ರಿ 9:48

ಪೀಠೋಪಕರಣದ ಬಗ್ಗೆ ನನಗೆ ಹೆಚ್ಚು ತಿಳಿಯದು. ಆದರೆ ಹೆಸರಿನ ಗೊಂದಲ ತಿಳಿಯುತ್ತದೆ, ನಮ್ಮ ಸಾಹಿತ್ಯದಲ್ಲೂ ಅದೇ ಇದೆ. ‘ನವ್ಯ’ ಅಂದರೆ ಹೊಸದು. ಆದರೆ ಇವತ್ತು ಬೆಳಿಗ್ಗೆ ಯಾರಾದರೂ ಪದ್ಯ ಬರೆದರೆ ಅದನ್ನು ನವ್ಯ ಅನ್ನುತ್ತೇವೆಯೇ? ಇಲ್ಲ. ನವ್ಯ ಅನ್ನುವುದು ಅಡಿಗರ ಕಾಲದ ಒಂದು ಮಾರ್ಗದ ಹೆಸರು. ಅದು ಬಂತು, ಬೆಳೆಯಿತು, ಅದರ ಕಾಲ ಮುಗಿಯಿತು. ಹೆಸರು ಮಾತ್ರ ‘ಹೊಸದು’ ಅಂತಲೇ ಉಳಿಯಿತು. ಇವತ್ತಿನದು ಸಮಕಾಲೀನ.

ಮಾಡರ್ನ್‌ಗೂ ಕಂಟೆಂಪರರಿಗೂ ಇದೇ ಸಂಬಂಧ ಇರಬೇಕು ಅಂತ ನನ್ನ ಊಹೆ. ಕನ್ನಡದಲ್ಲಿ ಎರಡಕ್ಕೂ ‘ಆಧುನಿಕ’ ಅಂತ ಬರೆದುಬಿಡುತ್ತಾರೆ. ಅಲ್ಲಿಂದಲೇ ತೊಡಕು. ತಿಳಿದವರು ಮುಂದೆ ಹೇಳಲಿ.

ಹಾಸನ_ಒಳಾಂಗಣ
ಶನಿವಾರ, ರಾತ್ರಿ 11:25

ಮೇಷ್ಟ್ರೇ, ನಿಮ್ಮ ಊಹೆ ಸರಿಯಾಗಿದೆ. ಹದಿನೈದು ವರ್ಷದಿಂದ ಹಾಸನದಲ್ಲಿ ಮನೆಗಳ ಒಳಾಂಗಣ ಕೆಲಸ ಮಾಡುತ್ತಿದ್ದೇನೆ. ಇನ್ನು ಮೇಲೆ ಗಿರಾಕಿಗಳಿಗೆ ಈ ನವ್ಯದ ಮಾತನ್ನೇ ಹೇಳುತ್ತೇನೆ.

ಮಾಡರ್ನ್ ಅನ್ನುವುದು ಒಂದು ಕಾಲದ ಹೆಸರು. ಮಿಡ್-ಸೆಂಚುರಿ ಅದರೊಳಗಿನ ಒಂದು ಅಧ್ಯಾಯ. ಕಂಟೆಂಪರರಿ ಅಂದರೆ ಈಗಿನದು, ಇನ್ನು ಇಪ್ಪತ್ತು ವರ್ಷ ಬಿಟ್ಟರೆ ಆ ಹೆಸರು ಬೇರೆ ಯಾವುದಕ್ಕೋ ಹೋಗಿರುತ್ತದೆ. ಇಷ್ಟು ತಿಳಿದರೆ ಅರ್ಧ ಗೊಂದಲ ಹೋಯಿತು. ಉಳಿದ ಅರ್ಧಕ್ಕೆ ಸ್ವಲ್ಪ ಕಥೆ ಹೇಳಬೇಕು.

ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಶ್ರೀಮಂತರ ಕುರ್ಚಿ ಅಂದರೆ ತುಂಬಾ ಕೆತ್ತನೆ, ಬಳ್ಳಿ, ಸಿಂಹದ ಪಾದ. ಮಾಡರ್ನ್‌ನವರು ಇದನ್ನು ಬೇಡ ಅಂದರು. ಯಂತ್ರದಲ್ಲಿ ಮಾಡಬಹುದಾದದ್ದು, ಸಾಮಾನ್ಯರಿಗೂ ಸಿಗುವಂಥದ್ದು, ಇದ್ದದ್ದು ಇದ್ದ ಹಾಗೆ ಕಾಣುವಂಥದ್ದು ಬೇಕು ಅಂದರು. ಇದಕ್ಕೆ ದಾರಿ ಮಾಡಿದ್ದು ಥೋನೆಟ್ ಕಂಪನಿಯ 14ನೇ ನಂಬರಿನ ಕುರ್ಚಿ, 1859ರದು. ಬೀಚ್ ಮರವನ್ನು ಆವಿಯಲ್ಲಿ ಬೇಯಿಸಿ ಬಗ್ಗಿಸಿ ಮಾಡಿದ್ದು. ಮರದ ಆರೇ ತುಂಡು. ಬಿಚ್ಚಿ ಬಿಡಿಬಿಡಿಯಾಗಿ ತುಂಬಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು! ದುಂಡನೆ ಸೀಟು, ಬಗ್ಗಿದ ಬೆನ್ನು ಇರುವ ಅದರ ತಮ್ಮಂದಿರನ್ನು ಹಳೇ ಹೋಟೆಲುಗಳಲ್ಲಿ ನೀವು ಖಂಡಿತ ನೋಡಿರುತ್ತೀರಿ.

ಆಮೇಲೆ 1919ರಲ್ಲಿ ಜರ್ಮನಿಯ ವೈಮರ್‌ನಲ್ಲಿ ವಾಲ್ಟರ್ ಗ್ರೋಪಿಯಸ್ ಬೌಹೌಸ್ ಅನ್ನುವ ಶಾಲೆ ಶುರುಮಾಡಿದರು. ಅದು ನಡೆದದ್ದು ಬರೀ ಹದಿನಾಲ್ಕು ವರ್ಷ, 1933ರಲ್ಲಿ ನಾಜಿಗಳ ಒತ್ತಡಕ್ಕೆ ಮುಚ್ಚಿತು. ಆದರೆ ಈಗಲೂ ನಮ್ಮ ಮನೆಯ ಟ್ಯೂಬ್ ಕುರ್ಚಿ, ಸರಳ ದೀಪ, ಚೌಕ ಬೀರು ಎಲ್ಲದರಲ್ಲೂ ಅದರ ನೆರಳಿದೆ. ಅಲ್ಲಿದ್ದ ಮಾರ್ಸೆಲ್ ಬ್ರಾಯರ್ ಸೈಕಲ್ಲಿನ ಹ್ಯಾಂಡಲ್ ನೋಡಿ, ಈ ಪೈಪನ್ನೇ ಬಗ್ಗಿಸಿ ಕುರ್ಚಿ ಯಾಕೆ ಮಾಡಬಾರದು ಅಂತ ಯೋಚಿಸಿದರು. 1925ರ ಸುಮಾರಿಗೆ ಸ್ಟೀಲ್ ಪೈಪಿನ ಕುರ್ಚಿ ಬಂತು. 1928ರಲ್ಲಿ ಹಿಂದಿನ ಕಾಲಿಲ್ಲದ ಪೈಪಿನ ಚೌಕಟ್ಟಿಗೆ ಬೆತ್ತದ ಸೀಟು ಹಾಕಿದರು. ಅಕ್ಕ, ನಿಮ್ಮ ಎರಡನೇ ಕುರ್ಚಿ ಆ ವಂಶದ್ದು. ಅದು ಮಾಡರ್ನ್.

ಮಿಡ್-ಸೆಂಚುರಿ ಅಂದರೆ ಸುಮಾರು 1945ರಿಂದ 1960ರ ದಶಕದ ಕೊನೆಯವರೆಗೆ. ಈ ಹೆಸರು ಆಗ ಇರಲಿಲ್ಲ, ಪ್ರಚಾರಕ್ಕೆ ಬಂದದ್ದು 1980ರ ದಶಕದಲ್ಲಿ. ಎರಡನೇ ಮಹಾಯುದ್ಧದ ಸಮಯದಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅನ್ನುವ ವಿನ್ಯಾಸಕ ದಂಪತಿ ಅಮೆರಿಕದ ನೌಕಾಪಡೆಗೆ ಒಂದು ವಸ್ತು ಮಾಡಿಕೊಟ್ಟಿದ್ದರು. ಗಾಯಾಳುಗಳ ಕಾಲಿಗೆ ಕಟ್ಟುವ ಪ್ಲೈವುಡ್ಡಿನ ಆಸರೆ. ಪ್ಲೈವುಡ್ಡನ್ನು ಕಾಲಿನ ಆಕಾರಕ್ಕೆ ಬಗ್ಗಿಸುವುದನ್ನು ಅದರಿಂದ ಕಲಿತರು. ಯುದ್ಧ ಮುಗಿದ ಮೇಲೆ ಅದೇ ವಿದ್ಯೆ ಕುರ್ಚಿಗೆ ಬಂತು. ಮಾಡರ್ನ್‌ನ ಗಟ್ಟಿ ನೇರ ಗೆರೆ ಇಲ್ಲಿ ಮೆತ್ತಗಾಯಿತು, ಮೈಯ ಆಕಾರಕ್ಕೆ ಬಾಗಿತು. ಸ್ಟೀಲ್ ಹಿಂದೆ ಸರಿದು ಮರ ಮುಂದೆ ಬಂತು. ಡೆನ್ಮಾರ್ಕಿನವರು ಇದನ್ನು ಇನ್ನೂ ಎತ್ತರಕ್ಕೆ ಒಯ್ದರು. ಅವರು ಹೆಚ್ಚು ಬಳಸಿದ್ದು ತೇಗ. ಅದು ಅವರ ನೆಲದ ಮರವಲ್ಲ, ಏಷ್ಯಾದಿಂದ ಹಡಗಿನಲ್ಲಿ ಹೋದದ್ದು. ಹಾನ್ಸ್ ವೆಗ್ನರ್ ಅಂತ ಒಬ್ಬರಿದ್ದರು. ಚಪ್ಪಲಿ ಹೊಲಿಯುವವರ ಮಗ, ಮರಗೆಲಸ ಕಲಿತು ಬಂದವರು. 1949ರಲ್ಲಿ ಅವರು ಮಾಡಿದ ದುಂಡು ಕೈಯ ಕುರ್ಚಿಯಲ್ಲೇ 1960ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿಗಳಾದ ಕೆನಡಿ, ನಿಕ್ಸನ್ ಟಿವಿ ಚರ್ಚೆಗೆ ಕೂತರು.

ನಮ್ಮ ದೇಶಕ್ಕೂ ಇದರ ನಂಟಿದೆ. ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ವಿನ್ಯಾಸದ ಬಗ್ಗೆ ವರದಿ ಕೊಟ್ಟರು. ಅದರಲ್ಲಿ ಅವರು ಮನಸಾರೆ ಹೊಗಳಿದ್ದು ನಮ್ಮ ನೀರಿನ ಚೊಂಬನ್ನು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಬಂತು.

ಕಂಟೆಂಪರರಿಗೆ ಇಂಥ ಕಥೆ ಇಲ್ಲ. ಅದಕ್ಕೆ ನಿಯಮವೂ ಕಡಿಮೆ. ಈಗ ನೆಲಕ್ಕೆ ಹತ್ತಿರದ ದಪ್ಪ ಸೋಫಾ, ದುಂಡು ಮೂಲೆ, ಕಾಲು ಕಾಣದ ತಳ, ಬೂದು ಅಥವಾ ಕೆನೆ ಬಣ್ಣ, ಕಪ್ಪು ಲೋಹದ ಅಂಚು ನಡೆಯುತ್ತಿದೆ. ನಾಳೆ ಬೇರೆ. ಎಲ್ಲ ಕಾಲದಿಂದ ಒಂದೊಂದು ತಂದು ಬೆರೆಸುವುದೇ ಅದರ ಗುಣ. ಹಾಗಾಗಿ ಅದರಲ್ಲಿ ಮಿಡ್-ಸೆಂಚುರಿ ಕಾಲು ಕಂಡರೂ ಆಶ್ಚರ್ಯವಿಲ್ಲ.

ಮೂಡಿಗೆರೆ_ಮಳೆ
ಭಾನುವಾರ, ಬೆಳಿಗ್ಗೆ 7:30

ಓದಿ ಸಂತೋಷವಾಯಿತು. ಆದರೂ ಒಂದು ಮಾತು ಕೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ಹೆಸರು ಯಾವುದಾದರೇನು? ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಚಪ್ಪಲಿಗೆ, ಬೆಲ್ಟಿಗೆ ಬೂಸ್ಟು ಬರುತ್ತದೆ. ಮರ ಗಟ್ಟಿ ಇದ್ದರೆ ಸಾಕಲ್ವಾ? ಮೂರು ವರ್ಷದ ಹಿಂದೆ ಟಿವಿ ಇಡುವ ಒಂದು ಸ್ಟ್ಯಾಂಡ್ ತಂದಿದ್ದೆ. ಓರೆ ಕಾಲು, ನೋಡಲು ಬಹಳ ಚೆಂದ. ಎರಡನೇ ಮಳೆಗಾಲಕ್ಕೆ ತಳ ಊದಿಕೊಂಡು ಕಾಲಿನ ಸ್ಕ್ರೂ ಕಿತ್ತು ಬಂತು.

ಬೇಲೂರು_ಬಡಗಿ
ಭಾನುವಾರ, ಬೆಳಿಗ್ಗೆ 8:15

ಮೂಡಿಗೆರೆಯವರೇ, ನಿಮ್ಮ ಸ್ಟ್ಯಾಂಡ್ ಹಾಳಾದದ್ದೇ ಹೆಸರು ಯಾಕೆ ಮುಖ್ಯ ಅನ್ನುವುದಕ್ಕೆ ಉತ್ತರ. ಅದು ಮಿಡ್-ಸೆಂಚುರಿಯ ಕಾಲು ಮಾತ್ರ ತಂದುಕೊಂಡಿತ್ತು, ಮೈ ಪಾರ್ಟಿಕಲ್ ಬೋರ್ಡು. ಮರದ ಹೊಟ್ಟು, ಚೂರು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅಂಚಿನ ಪಟ್ಟಿ ಬಿಟ್ಟರೆ ತೇವ ಕುಡಿಯುತ್ತದೆ, ಊದುತ್ತದೆ. ಊದಿದ ಮೇಲೆ ಅದರಲ್ಲಿ ಸ್ಕ್ರೂ ನಿಲ್ಲುವುದಿಲ್ಲ.

ಓರೆ ಕಾಲು ಬಹಳ ಕಷ್ಟದ ಕೆಲಸ. ನೇರ ಕಾಲಿಗೆ ಭಾರ ಸೀದಾ ನೆಲಕ್ಕೆ ಇಳಿಯುತ್ತದೆ. ಓರೆ ಕಾಲು ಭಾರ ಬಿದ್ದಾಗ ಹೊರಗೆ ಜಾರಲು ನೋಡುತ್ತದೆ. ಪೂರ್ತಿ ಒತ್ತಡ ಮೇಲಿನ ಕೀಲಿನ ಮೇಲೆ. ಅದಕ್ಕೇ ಹಳಬರು ಕಾಲಿನ ತಲೆಯನ್ನು ಕೆತ್ತಿ, ಚೌಕಟ್ಟಿನಲ್ಲಿ ಅದೇ ಓರೆಗೆ ತೂತು ಹೊಡೆದು ಕೂರಿಸುತ್ತಿದ್ದರು. ಎರಡು ಕಾಲಿನ ನಡುವೆ ಅಡ್ಡಪಟ್ಟಿ ಕೊಡುತ್ತಿದ್ದರು. ಈಗ ನಾಲ್ಕು ಸ್ಕ್ರೂ ಇರುವ ತಗಡಿನ ತಟ್ಟೆ ಹೊಡೆದು ಕಾಲು ತಿರುಗಿಸಿ ಬಿಡುತ್ತಾರೆ. ಗಟ್ಟಿ ಮರದ ತಳಕ್ಕಾದರೆ ಅದೂ ಬಾಳುತ್ತದೆ. ಹೊಟ್ಟಿನ ಹಲಗೆಗೆ ಬಾಳುವುದಿಲ್ಲ.

ಆದ್ದರಿಂದ ಅಂಗಡಿಗೆ ಹೋದರೆ ಮೊದಲು ಮಗುಚಿ ನೋಡಿ. ನಾಚಿಕೊಳ್ಳಬೇಡಿ. ಮುಖ ಎಲ್ಲದಕ್ಕೂ ಚೆಂದ ಇರುತ್ತದೆ, ತಳ ನಿಜ ಹೇಳುತ್ತದೆ. ಮರದ ಎಳೆ ಮೇಲಿಂದ ಬಂದು ಅಂಚಿನಲ್ಲಿ ತಿರುಗಿ ಕೆಳಗೂ ಮುಂದುವರಿದರೆ ಅದು ಇಡೀ ಮರ. ಅಂಚಿನಲ್ಲಿ ಪದರ ಪದರ ಕಂಡರೆ ಪ್ಲೈವುಡ್, ಅದು ಕೆಟ್ಟದ್ದಲ್ಲ. ಅಂಚಿಗೆ ಪಟ್ಟಿ ಅಂಟಿಸಿ ಮುಚ್ಚಿದ್ದರೆ ಒಳಗೆ ಏನಿದೆ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಅಕ್ಕ, ನಿಮ್ಮ ತೇಗದ ಕುರ್ಚಿಯನ್ನೂ ಒಮ್ಮೆ ಮಗುಚಿ ನೋಡಿ. ಕೀಲು ಹೇಗಿದೆ ಅಂತ ಹೇಳಿ.

ಸಕಲೇಶಪುರ_ಘಾಟಿ
ಭಾನುವಾರ, ಬೆಳಿಗ್ಗೆ 10:40

ಆ ಮೂರನೇ ಕುರ್ಚಿಯ ಬಗ್ಗೆ ಯಾರೂ ಹೇಳಲಿಲ್ಲ. ಅದು ಈ ಮೂರು ಗುಂಪಿಗೂ ಸೇರುವುದಿಲ್ಲ. ನಮ್ಮ ಕಡೆಯ ಹಳೇ ತೋಟದ ಬಂಗಲೆಗಳ ಜಗಲಿಯಲ್ಲಿ ಇದು ಇದ್ದೇ ಇರುತ್ತಿತ್ತು. ಬ್ರಿಟಿಷ್ ಪ್ಲಾಂಟರ್‌ಗಳ ಕಾಲದ್ದು. ತೋಟ ಸುತ್ತಿ ಬಂದು, ಬೂಟುಗಾಲನ್ನು ಆ ಉದ್ದ ಕೈಗಳ ಮೇಲೆ ಚಾಚಿ ಒರಗಲು ಮಾಡಿಸಿಕೊಂಡದ್ದು. ಇಂಗ್ಲಿಷಿನಲ್ಲೂ ಅದಕ್ಕೆ ಪ್ಲಾಂಟರ್ಸ್ ಚೇರ್ ಅಂತಲೇ ಹೆಸರು. ನನ್ನ ಅಜ್ಜ ಬೆಳಗಿನ ಕಾಫಿ, ಪೇಪರು ಎರಡನ್ನೂ ಅದರಲ್ಲೇ ಮುಗಿಸುತ್ತಿದ್ದರು. ಎಡಗೈ ಮೇಲೆ ಲೋಟದ ಉಂಗುರ ಉಂಗುರ ಕಲೆ ಈಗಲೂ ಇದೆ. ನಾವು ಪಾಲಿಶ್ ಮಾಡಿಸುವಾಗಲೂ ಅದನ್ನು ಉಜ್ಜಲು ಬಿಡಲಿಲ್ಲ.

ಬೀಟೆ ಆಗಿದ್ದರೆ ದಯವಿಟ್ಟು ಕೊಡಬೇಡಿ. ಈಗ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬೀಟೆ ಕಡಿಯುವ ಹಾಗಿಲ್ಲ. 2017ರಿಂದ ಆ ಕುಲದ ಎಲ್ಲ ಮರಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ಹಿಡಿತ ಬಂದಿದೆ. ಅಂಥ ಅಗಲದ ಹಲಗೆ ನಿಮಗೆ ಇನ್ನೊಮ್ಮೆ ಸಿಗುವುದು ಕಷ್ಟ.

ಬಿ.ಎಂ.ರಸ್ತೆ_ಹುಡುಗ
ಭಾನುವಾರ, ಮಧ್ಯಾಹ್ನ 1:05

ಅಕ್ಕ, ತೇಗ, ಬೆತ್ತ, ಓರೆ ಕಾಲು ಅಂದಿರಿ. ಅದು ಚಂಡೀಗಢ ಕುರ್ಚಿ ಇರಬಹುದಾ? ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆ ಹೋಗುತ್ತದೆ ಅಂತ ಓದಿದ್ದೇನೆ. ಎಕ್ಸ್‌ಚೇಂಜ್‌ಗೆ ಕೊಡುವ ಮುಂಚೆ ತೋರಿಸಿ!

ಹಾಸನ_ಒಳಾಂಗಣ
ಭಾನುವಾರ, ಮಧ್ಯಾಹ್ನ 2:20

ತಮ್ಮಾ, ನೀನು ಕೇಳಿದ್ದು ಒಳ್ಳೆಯದೇ ಆಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೆ ಕಾರ್ಬೂಸಿಯೆ ಅನ್ನುವ ವಾಸ್ತುಶಿಲ್ಪಿ ಚಂಡೀಗಢ ನಗರವನ್ನು ರೂಪಿಸುವಾಗ ಅವರ ಸಂಬಂಧಿ ಪಿಯರ್ ಜೆನರೆ ಅಲ್ಲೇ ನೆಲೆಸಿ, 1965ರವರೆಗೂ ಕೆಲಸ ಮಾಡಿದರು. ಹೈಕೋರ್ಟು, ಕಚೇರಿ, ವಿಶ್ವವಿದ್ಯಾಲಯಕ್ಕೆ ಸಾವಿರಾರು ಕುರ್ಚಿ ಬೇಕಿತ್ತು. ಜೆನರೆ ಮತ್ತು ಅವರ ಜೊತೆಗಿದ್ದ ಭಾರತೀಯ ವಾಸ್ತುಶಿಲ್ಪಿಗಳು ಸೇರಿ ಅಲ್ಲಿನ ಬಡಗಿಗಳ ಕೈಗೆ ಹೊಂದುವ ವಿನ್ಯಾಸ ಮಾಡಿದರು. ತೇಗ ಮತ್ತು ಬೆತ್ತ. ಪಕ್ಕದಿಂದ ನೋಡಿದರೆ ಮುಂದಿನ ಕಾಲು, ಹಿಂದಿನ ಕಾಲು ಸೇರಿ ತಲೆಕೆಳಗಾದ ‘ವಿ’ ಅಕ್ಷರದ ಹಾಗೆ ಕಾಣುತ್ತವೆ, ಮೇಲೆ ಕೂಡಿ ಕೆಳಗೆ ಅಗಲ. ಹಳೆಯದಾದ ಮೇಲೆ ಎಷ್ಟೋ ಕುರ್ಚಿ ಕಚೇರಿಗಳ ಹಿಂದೆ ರಾಶಿ ಬಿದ್ದಿದ್ದವು, ಸೌದೆ ಬೆಲೆಗೆ ಹೋದವು. ಆಮೇಲೆ ಹೊರದೇಶದ ವ್ಯಾಪಾರಿಗಳು ಅದರ ಬೆಲೆ ಕಂಡುಕೊಂಡರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆ ಕುರ್ಚಿಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಕಚೇರಿಯ ಹೆಸರು, ನಂಬರು ಬಣ್ಣದಲ್ಲಿ ಬರೆದಿರುತ್ತದೆ. ಅಕ್ಕ ಹೇಳಿದ್ದು ಬೇರೆ ಬೇರೆ ನಿಂತ ನಾಲ್ಕು ಕಾಲು, ಕೆಳಗೆ ಸಣ್ಣಗಾದವು. ಅದು ಡೆನ್ಮಾರ್ಕಿನ ಕಡೆಯ ರೂಪ. ಹಾಗಾಗಿ ಚಂಡೀಗಢದ್ದು ಅನ್ನಿಸುವುದಿಲ್ಲ. ಲಕ್ಷ ಸಿಗದೆ ಇರಬಹುದು, ಆದರೆ ಅದೇ ಕಾಲದ ಗಾಳಿ ನಮ್ಮೂರಿಗೂ ಬೀಸಿತ್ತು ಅನ್ನುವುದಕ್ಕೆ ಅದು ಸಾಕ್ಷಿ.

ಇನ್ನೊಂದು ಗೊಂದಲ ಈಗಲೇ ಬಿಡಿಸುತ್ತೇನೆ. ಈಮ್ಸ್ ದಂಪತಿಯ 1956ರ ಒರಗು ಕುರ್ಚಿಯನ್ನು ಹರ್ಮನ್ ಮಿಲ್ಲರ್ ಕಂಪನಿ ಇವತ್ತಿಗೂ ಮಾಡುತ್ತಿದೆ. ಹೋದ ತಿಂಗಳು ಕಾರ್ಖಾನೆಯಿಂದ ಬಂದ ಆ ಕುರ್ಚಿ ಮಿಡ್-ಸೆಂಚುರಿಯೋ, ಕಂಟೆಂಪರರಿಯೋ? ವಿನ್ಯಾಸ ಮಿಡ್-ಸೆಂಚುರಿ, ವಸ್ತು ಹೊಸದು. ಕಲ್ಪನೆ ಹುಟ್ಟಿದ ಕಾಲ ಒಂದು, ಮರ ಕೊಯ್ದ ಕಾಲ ಇನ್ನೊಂದು. ಅಂಗಡಿಯಲ್ಲಿ ‘ಮಿಡ್-ಸೆಂಚುರಿ’ ಅಂದರೆ ‘ಆ ಕಾಲದ್ದೋ, ಆ ವಿನ್ಯಾಸದ್ದೋ, ಅದನ್ನು ಹೋಲುವಂಥದ್ದೋ’ ಅಂತ ಕೇಳಬೇಕು. ಮೂರಕ್ಕೂ ಬೆಲೆ ಬೇರೆ ಬೇರೆ. ಹೆಚ್ಚಿನ ಸಲ ನಮಗೆ ಸಿಗುವುದು ಮೂರನೆಯದು. ಅದನ್ನು ಕೊಳ್ಳುವುದು ತಪ್ಪಲ್ಲ, ಆದರೆ ಮೊದಲನೆಯದರ ಬೆಲೆ ಕೊಡಬಾರದು.

ಆಲ್ದೂರು_ತೋಟದಮನೆ
ಭಾನುವಾರ, ಸಂಜೆ 6:50

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಊಟ ಆದ ಮೇಲೆ ಅಪ್ಪ, ನಾನು ಸೇರಿ ಮೂರನ್ನೂ ಅಂಗಳಕ್ಕೆ ತಂದು ಮಗುಚಿದೆವು.

ಸ್ಟೀಲ್ ಕುರ್ಚಿಯ ಪೈಪು ಒಂದೇ ತುಂಡು. ಸೀಟಿನ ಕೆಳಗಿಂದ ಹೊರಟು, ಮುಂದೆ ಇಳಿದು, ನೆಲದ ಮೇಲೆ ಹಿಂದಕ್ಕೆ ಹೋಗಿ ಸುತ್ತಿ ಬರುತ್ತದೆ. ಒಂದು ಕಡೆ ತುಕ್ಕು. ಅಪ್ಪ ಹೇಳಿದ್ದು, ಅಜ್ಜ ಇದನ್ನು ಯಾವುದೋ ಕಚೇರಿಯ ಹರಾಜಿನಲ್ಲಿ ತಂದದ್ದಂತೆ.

ತೇಗದ ಕುರ್ಚಿಗೆ ನಂಬರೂ ಇಲ್ಲ, ಹೆಸರೂ ಇಲ್ಲ. ಆದರೆ ಬಡಗಿ ಅಣ್ಣ ಹೇಳಿದ ಹಾಗೆ ಕಾಲಿನ ತಲೆ ಚೌಕಟ್ಟಿನ ಒಳಗೆ ಹೋಗಿದೆ. ಪಕ್ಕದಿಂದ ಒಂದು ಸಣ್ಣ ಮರದ ಗೂಟ ಹೊಡೆದಿದ್ದಾರೆ. ಒಂದೂ ಸ್ಕ್ರೂ ಕಾಣಲಿಲ್ಲ. ಒಂದು ಕುರ್ಚಿಯ ತಳದಲ್ಲಿ ಪೆನ್ಸಿಲ್ ಗೆರೆ ಇನ್ನೂ ಇದೆ, ಓರೆ ಗುರುತು ಹಾಕಿಕೊಂಡದ್ದು. ಅದನ್ನು ನೋಡಿ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ತಾವು ಚಿಕ್ಕವರಿದ್ದಾಗ ಮನೆಯ ಮುಂದಿನ ಶೆಡ್ಡಿನಲ್ಲಿ ಒಬ್ಬ ಬಡಗಿ ತಿಂಗಳುಗಟ್ಟಲೆ ಇದ್ದು ಕೆಲಸ ಮಾಡಿದ್ದರಂತೆ. ಅಜ್ಜ ಬೆಂಗಳೂರಿನಿಂದ ತಂದ ಯಾವುದೋ ಪತ್ರಿಕೆಯ ಚಿತ್ರ ತೋರಿಸಿ ‘ಹೀಗೆ ಬೇಕು’ ಅಂದಿದ್ದರಂತೆ. ಮರ ನಮ್ಮ ತೋಟದ್ದೇ.

ಎಕ್ಸ್‌ಚೇಂಜ್ ಮಾತು ಅಲ್ಲಿಗೆ ನಿಂತಿತು.

ಈಗ ಎರಡು ಪ್ರಶ್ನೆ. ಹಳೇ ಕುರ್ಚಿಗಳ ಜೊತೆ ಹೊಸ ಸೋಫಾ ಹೊಂದುತ್ತದಾ? ಬೆತ್ತ ಪೂರ್ತಿ ಹರಿದಿದೆ, ಮತ್ತೆ ಹೆಣೆಸಬಹುದಾ?

ಹಾಸನ_ಒಳಾಂಗಣ
ಭಾನುವಾರ, ಸಂಜೆ 7:35

ಪತ್ರಿಕೆಯ ಚಿತ್ರ ನೋಡಿ ನಮ್ಮೂರಿನ ಬಡಗಿ ಮಾಡಿದ ಮಿಡ್-ಸೆಂಚುರಿ! ಅಕ್ಕ, ನನಗೆ ಇದು ಹರಾಜಿನ ಕುರ್ಚಿಗಿಂತ ದೊಡ್ಡದು.

ಸೋಫಾ ಖಂಡಿತ ಹೊಂದುತ್ತದೆ. ಕಂಟೆಂಪರರಿಯನ್ನೇ ತೆಗೆದುಕೊಳ್ಳಿ, ಸಂಕೋಚ ಬೇಡ. ಅದೇ ಓರೆ ಕಾಲಿನ ನಕಲು ಸೋಫಾ ಮಾತ್ರ ಬೇಡ. ಅಸಲಿನ ಪಕ್ಕದಲ್ಲಿ ಇಟ್ಟರೆ ನಕಲು ಸಪ್ಪೆ ಕಾಣುತ್ತದೆ. ಕಾಲು ಕಾಣದ, ಒಂದೇ ಬಣ್ಣದ, ಸುಮ್ನೆ ಕೂತಿರುವ ಸೋಫಾ ಆದರೆ ಕುರ್ಚಿಯ ಕಾಲಿಗೆ ಕಣ್ಣು ಹೋಗುತ್ತದೆ. ಸೀಟಿನ ಎತ್ತರ ಮಾತ್ರ ಅಳೆದುಕೊಂಡು ಹೋಗಿ. ಈಗಿನ ಸೋಫಾ ಬಹಳ ತಗ್ಗು. ಕುರ್ಚಿಯಲ್ಲಿ ಕೂತವರು ಮೇಲಿಂದ ಮಾತಾಡಿದ ಹಾಗೆ ಆಗಬಾರದು. ಎರಡು ಇಂಚಿನ ಒಳಗೆ ವ್ಯತ್ಯಾಸ ಇರಲಿ. ನಿಮ್ಮ ತಂದೆಯವರ ಮಂಡಿಗೂ ಅದೇ ಒಳ್ಳೆಯದು. ಆರಾಮ ಕುರ್ಚಿ ಜಗಲಿಗೇ ಹೋಗಲಿ, ಅದರ ಜಾಗ ಅದೇ.

ಮೂಡಿಗೆರೆ_ಮಳೆ
ಭಾನುವಾರ, ರಾತ್ರಿ 8:10

ಹೆಸರು ಯಾವುದಾದರೇನು ಅಂದಿದ್ದೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಇವತ್ತು ಮನೆಯಲ್ಲಿ ಎಲ್ಲವನ್ನೂ ಮಗುಚಿ ನೋಡಿದೆ. ನಮ್ಮ ಕಾಫಿ ಬುಡದ ಟೀಪಾಯಿ ಯಾವ ಗುಂಪಿಗೆ ಸೇರುತ್ತದೆ? ಬೇರಿನ ಮೇಲೆ ಗಾಜು ಇಟ್ಟದ್ದು. ಇಲ್ಲಿನ ಹೋಂಸ್ಟೇಗಳಲ್ಲಿ ಎಲ್ಲೆಲ್ಲೂ ಇದೆ.

ಬೇಲೂರು_ಬಡಗಿ
ಭಾನುವಾರ, ರಾತ್ರಿ 9:20

ಕಾಫಿ ಬುಡಕ್ಕೆ ನಾವು ಮಾಡುವುದು ಬಹಳ ಕಡಿಮೆ, ರೂಪ ಗಿಡದ್ದೇ. ಈಗ ಮನೆಗಳಲ್ಲಿ ಬಳಸುತ್ತಿರುವುದರಿಂದ ಕಂಟೆಂಪರರಿ ಅಂದರೆ ತಪ್ಪಿಲ್ಲ ಅಂತ ಕಾಣುತ್ತದೆ. ಚೆನ್ನಾಗಿ ಒಣಗಿದ್ದಾ ನೋಡಿಕೊಳ್ಳಿ. ಹಸಿ ಇದ್ದರೆ ಕುಟ್ಟೆ ಹುಳ ಬೀಳುತ್ತದೆ, ಪಕ್ಕದ ಕುರ್ಚಿಗೂ ಹಬ್ಬುತ್ತದೆ.

ಆಲ್ದೂರಿನ ಅಕ್ಕ, ಬೆತ್ತ ಹೆಣೆಸಬಹುದು. ಮೊದಲು ಹಳೇ ಬೆತ್ತ ಬಿಚ್ಚಿಸಿ ಚೌಕಟ್ಟಿನ ತೂತುಗಳನ್ನು ನೋಡಿ. ಅಂಚಿನ ಸುತ್ತ ಸಣ್ಣ ತೂತುಗಳ ಸಾಲು ಇದ್ದರೆ ಅದು ಕೈಯಲ್ಲೇ ಹೆಣೆದದ್ದು, ಹಾಗೇ ಹೆಣೆಸಿ. ತೂತಿನ ಬದಲು ಉದ್ದಕ್ಕೂ ಕೊರೆದ ಒಂದು ಸಂದು ಇದ್ದರೆ ನೇಯ್ದ ಹಾಳೆ ತಂದು ಒಳಗೆ ಒತ್ತಿ ಪಟ್ಟಿ ಹೊಡೆಯುತ್ತಾರೆ. ಪ್ಲಾಸ್ಟಿಕ್ ವೈರು ಹಾಕುತ್ತೇವೆ ಅಂದರೆ ಬೇಡ ಅನ್ನಿ. ತೇಗದ ಪಾಲಿಶ್ ಕೆಲಸ ಬೆತ್ತಕ್ಕಿಂತ ಮೊದಲೇ ಮುಗಿಸಬೇಕು. ಆ ಪೆನ್ಸಿಲ್ ಗೆರೆಯ ಮೇಲೆ ಉಪ್ಪುಕಾಗದ ಹೋಗದ ಹಾಗೆ ಹೇಳಿಡಿ.

ಬೆತ್ತವನ್ನು ನೀರಿನಲ್ಲಿ ನೆನೆಸಿ ಹೆಣೆಯುವುದರಿಂದ ಮೊದಲ ದಿನ ಸಡಿಲ ಕಾಣುತ್ತದೆ, ಗಾಬರಿಯಾಗಬೇಡಿ. ಒಣಗುತ್ತಾ ತಾನೇ ಬಿಗಿಯುತ್ತದೆ. ನೆರಳಲ್ಲಿ ಎರಡು ದಿನ ಬಿಟ್ಟು ಆಮೇಲೆ ಕೂರಿ. ಮಳೆ ಹಿಡಿದ ಮೇಲೆ ಒಣಗುವುದಿಲ್ಲ, ಮೇ ತಿಂಗಳಲ್ಲೇ ಮಾಡಿಸಿಬಿಡಿ. ಬೇಲೂರಿನ ಕಡೆ ಬಂದರೆ ಜೋಡಿಯಲ್ಲಿ ಒಂದನ್ನು ಗಾಡಿಯಲ್ಲಿ ಹಾಕಿಕೊಂಡು ಬನ್ನಿ, ಆ ಓರೆ ಕೀಲನ್ನು ನಾನೂ ಒಮ್ಮೆ ನೋಡಬೇಕು.